ಎಂ.ಪಿ. ಪ್ರಕಾಶ್: ಹಡಗಲಿ ಬಿಟ್ಟು ಹರಪನಹಳ್ಳಿಗೆ

ಹೂವಿನಹಡಗಲಿಯ ವಕೀಲ, ರಂಗಕರ್ಮಿ ಎಂ.ಪಿ. ಪ್ರಕಾಶ್ (1940–2011) ಜನತಾ ಪರಿವಾರದ ನಾಯಕ. ಊರಲ್ಲಿ ‘ರಂಗಭಾರತಿ’ ಕಟ್ಟಿದವರೂ ಇವರೇ. 2005ರಲ್ಲಿ ಧರ್ಮಸಿಂಗ್ ಸರ್ಕಾರದ ಉಪಮುಖ್ಯಮಂತ್ರಿ, ಆಮೇಲೆ ಕುಮಾರಸ್ವಾಮಿ ಸಂಪುಟದಲ್ಲಿ ಗೃಹ ಸಚಿವ.

ಇಷ್ಟೆಲ್ಲ ಇದ್ದವರು 2008ರಲ್ಲಿ ಸೋತದ್ದೇಕೆ? ಗಣಿ ದುಡ್ಡು ಅಂತ ಎಲ್ಲರೂ ಹೇಳ್ತಾರೆ. ನಾನು ಮೊದಲು ನೋಡೋದು ನಕ್ಷೆಯನ್ನು. ಕ್ಷೇತ್ರ ಮರುವಿಂಗಡಣೆಯಲ್ಲಿ ಕೊಟ್ಟೂರು ಕ್ಷೇತ್ರವೇ ಇಲ್ಲವಾಯಿತು. ಹಡಗಲಿ, ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. (ಮೀಸಲಿನ ಬಗ್ಗೆ ನನ್ನ ತಕರಾರಿಲ್ಲ.) ಈ ಸೀಮೆಯಲ್ಲಿ ಹರಪನಹಳ್ಳಿ ಸಾಮಾನ್ಯ ಕ್ಷೇತ್ರವಾಗಿತ್ತು. ಪ್ರಕಾಶ್ ಕಾಂಗ್ರೆಸ್ ಸೇರಿ ಅಲ್ಲಿ ನಿಂತರು. ಬಿಜೆಪಿಯ ಕರುಣಾಕರ ರೆಡ್ಡಿ ಎದುರು ಸೋತರು.

ಅದೇ ಹರಪನಹಳ್ಳಿ 2013ರಲ್ಲಿ ಅವರ ಮಗ ರವೀಂದ್ರರನ್ನು ಕಾಂಗ್ರೆಸ್‌ನಿಂದ, 2023ರಲ್ಲಿ ಮಗಳು ಲತಾ ಮಲ್ಲಿಕಾರ್ಜುನ್ ಅವರನ್ನು ಪಕ್ಷೇತರರಾಗಿ ಗೆಲ್ಲಿಸಿತು.