1979ರ ಲೇಖನದ ಎರಡನೆಯ ಉಪಾಯ: ಲೇಸರ್-ಪ್ಲಾಸ್ಮಾ ವೇಗೋತ್ಕರ್ಷದ ಚರಿತ್ರೆಯಲ್ಲಿನ ಒಂದು ಅಪವ್ಯಾಖ್ಯಾನ

ತೀವ್ರವಾದ ಲೇಸರ್ ಕಿರಣದಿಂದ ಪ್ಲಾಸ್ಮಾದಲ್ಲಿ ತರಂಗವನ್ನೆಬ್ಬಿಸಿ, ಅದರ ವಿದ್ಯುತ್‌ಕ್ಷೇತ್ರದಿಂದ ಎಲೆಕ್ಟ್ರಾನುಗಳಿಗೆ ವೇಗವನ್ನು ಕೊಡುವ ವಿದ್ಯೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಮೂರು ಘಟ್ಟಗಳ ಒಂದು ಕ್ರಮವನ್ನು ನಿಸ್ಸಂದೇಹವಾಗಿ ಸ್ವೀಕರಿಸಿದ್ದಾರೆ: 1979ರಲ್ಲಿ ತಾಜಿಮ ಮತ್ತು ಡಾಸನ್ ಕಲ್ಪನೆಯನ್ನಿತ್ತರು, 1985ರಲ್ಲಿ ಸ್ಟ್ರಿಕ್‌ಲೆಂಡ್ ಮತ್ತು ಮುರೂ, ಸ್ಪಂದವನ್ನು ಹಿಗ್ಗಿಸಿ, ವರ್ಧಿಸಿ, ಮರಳಿ ಕುಗ್ಗಿಸುವ ವಿಧಾನದಿಂದ ಸಾಧನವನ್ನಿತ್ತರು, 2004ರಲ್ಲಿ ಕಲ್ಪನೆ ಸಫಲವಾಯಿತು. ಈ ಕ್ರಮದಲ್ಲಿ ನಡುವಣ ಕಾಲದ ಬೀಟ್ ತರಂಗ (ಎರಡು ಆವೃತ್ತಿಗಳ ಕಿರಣಗಳ ಸಂಯೋಗದಿಂದ ಹುಟ್ಟುವ ಏರಿಳಿತ) ಪ್ರಯೋಗಗಳಿಗೆ ಸ್ಥಾನವಿಲ್ಲ. ಸಾಧನವಿಲ್ಲದವರು ಹಿಡಿದ ಅಡ್ಡದಾರಿಯೆಂದು ಅವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಈ ರೂಢಿಯು 1979ರ ಲೇಖನವನ್ನು ಅರ್ಧವೇ ಓದಿದುದರ ಫಲವೆಂಬುದು ನನ್ನ ವಾದ.

ವಿವಾದಕ್ಕೆ ಮೂಲವಾದುದು ಆ ಲೇಖನದ ಒಂದು ಪ್ರತಿಜ್ಞೆ. ಘನ ಸೆಂಟಿಮೀಟರಿಗೆ 10ರ 18ನೆಯ ಘಾತದಷ್ಟು ಎಲೆಕ್ಟ್ರಾನುಗಳುಳ್ಳ ಪ್ಲಾಸ್ಮಾದಲ್ಲಿ, ಆಗಲೇ ಇದ್ದ ಗಾಜಿನ ಲೇಸರುಗಳಿಂದ, ಸೆಂಟಿಮೀಟರಿಗೆ ಶತಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಪ್ರಮಾಣದಲ್ಲಿ ಶಕ್ತಿಯನ್ನು ಪಡೆಯಬಹುದೆಂದು ಲೇಖಕರು ಹೇಳಿದ್ದಾರೆ. ಆಕ್ಷೇಪಕರ ಲೆಕ್ಕವು ಸುಲಭವಾದುದು. ಆ ಸಾಂದ್ರತೆಯಲ್ಲಿ ಪ್ಲಾಸ್ಮಾ ತರಂಗದ ಉದ್ದ ಸುಮಾರು 33 ಮೈಕ್ರಾನ್; ಲೇಸರ್ ಸ್ಪಂದದ ಉದ್ದವು ಅದರ ಅರ್ಧದಷ್ಟಿರಬೇಕೆಂದು ಲೇಖನವೇ ವಿಧಿಸುತ್ತದೆ; ಅಷ್ಟು ದೂರವನ್ನು ಬೆಳಕು ಕ್ರಮಿಸಲು ಬೇಕಾದ ಕಾಲ ಸುಮಾರು 55 ಫೆಮ್ಟೊಸೆಕೆಂಡ್. ಅಂದಿನ ಪ್ರಬಲ ಗಾಜಿನ ಲೇಸರುಗಳ ಸ್ಪಂದಗಳಾದರೋ ಇದಕ್ಕಿಂತ ಸಾವಿರಾರು ಪಟ್ಟು ದೀರ್ಘವಾದುವು. ಆದುದರಿಂದ ಲೇಖಕರು ಆಶಾವಾದಕ್ಕೆ ವಶರಾಗಿ ಕಾಲವನ್ನು ಮರೆತರೆಂದೂ, 1985ರ ತನಕ ಅವರ ಮಾತು ಕಾಗದದಲ್ಲೇ ಉಳಿಯಿತೆಂದೂ ತೀರ್ಮಾನ.

ಲೆಕ್ಕ ಸರಿ, ತೀರ್ಮಾನ ತಪ್ಪು. ಏಕೆಂದರೆ ಸ್ಪಂದದ ಉದ್ದವನ್ನು ಕುರಿತ ಆ ನಿಬಂಧನೆಯ ಬೆನ್ನಿಗೇ ಲೇಖಕರು ಇನ್ನೊಂದು ಉಪಾಯವನ್ನು ಸೂಚಿಸುತ್ತಾರೆ: ಅಲ್ಪ ಅಂತರವುಳ್ಳ ಎರಡು ಆವೃತ್ತಿಗಳ ಕಿರಣಗಳನ್ನು ಒಟ್ಟಿಗೆ ಹಾಯಿಸಿದಲ್ಲಿ, ಆ ಅಂತರವು ಪ್ಲಾಸ್ಮಾದ ಸಹಜ ಆವೃತ್ತಿಗೆ ಸಮನಾಗಿದ್ದರೆ, ಎರಡರ ಸಂಯೋಗದಿಂದ ಹುಟ್ಟುವ ಏರಿಳಿತವೇ ತರಂಗವನ್ನು ಎಬ್ಬಿಸುತ್ತದೆ. ತೊಟ್ಟಿಲನ್ನು ಒಂದೇ ಪೆಟ್ಟಿಗೆ ತೂಗದೆ ಅದರ ಲಯವನ್ನರಿತು ಮೆಲ್ಲಮೆಲ್ಲನೆ ತೂಗುವಂತೆ, ಇಲ್ಲಿ ದೀರ್ಘಸ್ಪಂದವೂ ಕೆಲಸಕ್ಕೆ ಬರುತ್ತದೆ. ತಮ್ಮ ಮೊದಲ ನಿಬಂಧನೆಯನ್ನು ಪೂರೈಸುವುದು ದುಸ್ಸಾಧ್ಯವೆಂಬುದನ್ನು ಅರಿಯದವರು ಇಂಥ ಪರ್ಯಾಯವನ್ನು ಅದರ ಪಕ್ಕದಲ್ಲೇ ಇಡುವುದು ಸಂಭಾವ್ಯವಲ್ಲ. ಇದು ಅವರಿಗೆ ಅಕಸ್ಮಾತ್ತಾಗಿ ಹೊಳೆದುದೂ ಅಲ್ಲ: ಎರಡು ಲೇಸರ್ ಕಿರಣಗಳಿಂದ ಪ್ಲಾಸ್ಮಾ ತರಂಗವನ್ನು ಎಬ್ಬಿಸುವ ಸಿದ್ಧಾಂತವನ್ನು ರೋಸೆನ್‌ಬ್ಲೂತ್ ಮತ್ತು ಲಿಯು 1972ರಲ್ಲಿಯೇ ಪ್ರಕಟಿಸಿದ್ದರು. (ಪ್ಲಾಸ್ಮಾ ತರಂಗಗಳಿಂದ ಕಣಗಳಿಗೆ ವೇಗವನ್ನು ಕೊಡಬಹುದೆಂಬ ಮಾತು ಖಾರ್ಕೊವಿನ ಫೈನ್‌ಬರ್ಗರದು, 1956ರಷ್ಟು ಹಳೆಯದು, 1979ನ್ನು ಶೂನ್ಯದಿಂದ ಉದ್ಭವಿಸಿದ ವರ್ಷವೆಂದು ಬರೆಯುವವರು ಇದನ್ನು ಗಮನಿಸಿದ್ದರೆ ಒಳ್ಳೆಯದಿತ್ತು.)

ಹೀಗಿರಲು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ, ಡಾಸನ್ನರ ನೆರೆಯಲ್ಲಿಯೇ, ಕ್ಲೇಟನ್, ಭಾರತದಲ್ಲಿ ಜನಿಸಿದ ಚಂದ್ರಶೇಖರ ಜೋಶಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳನ್ನು ಅಡ್ಡದಾರಿಯೆಂದು ಕರೆಯುವುದೆಂತು? 10.6 ಮತ್ತು 10.3 ಮೈಕ್ರಾನ್ ತರಂಗಾಂತರಗಳ ಇಂಗಾಲಾಮ್ಲ ಲೇಸರಿನಿಂದ, ಆ ಅಂತರಕ್ಕೆ ಸರಿಹೊಂದುವಂತೆ ಸಾಂದ್ರತೆಯನ್ನಳವಡಿಸಿದ ಪ್ಲಾಸ್ಮಾದೊಳಗೆ, 21 ಲಕ್ಷ ಎಲೆಕ್ಟ್ರಾನ್ ವೋಲ್ಟುಗಳ ಎಲೆಕ್ಟ್ರಾನುಗಳನ್ನು ಹೊರಗಿನಿಂದ ಹೊಗಿಸಿ, 91 ಲಕ್ಷದವರೆಗೆ ಏರಿದುದನ್ನು ಅವರು 1993ರಲ್ಲಿ ವರದಿ ಮಾಡಿದರು. 91 ಲಕ್ಷವೆಂಬುದು ಅವರ ಶೋಧಕದ ಮಿತಿಯೇ ಹೊರತು ತರಂಗದ ಮಿತಿಯಲ್ಲ. ಇದು 1979ರ ಎರಡನೆಯ ಉಪಾಯದ ಸಾಕ್ಷಾತ್ ನಿರ್ವಹಣೆ. ತರಂಗವು ಬಲಿತಂತೆಲ್ಲ ಎಲೆಕ್ಟ್ರಾನುಗಳ ಸಾಪೇಕ್ಷ ದ್ರವ್ಯರಾಶಿ ಹೆಚ್ಚಿ ಲಯ ತಪ್ಪುವುದೆಂಬ ದೋಷ ಈ ಮಾರ್ಗಕ್ಕುಂಟು, ನಿಜ. ಆದರೆ ಅದೂ 1972ರ ಲೇಖನದಲ್ಲಿಯೇ ಗಣಿತವಾಗಿತ್ತು, ಯಾರಿಗೂ ಗುಟ್ಟಾಗಿರಲಿಲ್ಲ.

ಇನ್ನು ಮೂರನೆಯ ಘಟ್ಟ. 2004ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಅಮೆರಿಕದ ಮೂರು ತಂಡಗಳು ಬಹುತೇಕ ಏಕಶಕ್ತಿಯ ಎಲೆಕ್ಟ್ರಾನ್ ಕಿರಣಗಳನ್ನು ಪ್ರಕಟಿಸಿದುದರ ಹಿರಿಮೆಯನ್ನು ನಾನು ಕಿಂಚಿತ್ತೂ ಕುಗ್ಗಿಸಲಾರೆ. ಅದಕ್ಕೆ ಮುಂಚೆ ಶಕ್ತಿ ದೊರೆತಿತ್ತು, ಶುದ್ಧಿ ದೊರೆತಿರಲಿಲ್ಲ. ಆದರೆ 1979ರ ಮೊದಲ ನಿಬಂಧನೆ ಅಲ್ಲಿ ನೆರವೇರಿತೆಂಬ ಮಾತನ್ನು ಒಪ್ಪಲಾಗದು. ಬ್ರಿಟನ್ನಿನ ತಂಡದ ಸ್ಪಂದವು 40 ಫೆಮ್ಟೊಸೆಕೆಂಡಿನದು, ಎಂದರೆ 12 ಮೈಕ್ರಾನ್ ಉದ್ದದ್ದು. ಪ್ಲಾಸ್ಮಾದ ಸಾಂದ್ರತೆ 10ರ 19ನೆಯ ಘಾತದ ಇಮ್ಮಡಿ, ಎಂದರೆ ತರಂಗದ ಉದ್ದ ಏಳೂವರೆ ಮೈಕ್ರಾನ್. ವಿಧಿಸಿದ ಉದ್ದಕ್ಕಿಂತ ಸ್ಪಂದವು ಮೂರು ಪಟ್ಟು ಮಿಗಿಲಾಗಿದ್ದಿತು! ಪ್ಲಾಸ್ಮಾದೊಳಗೆ ಸಾಗುತ್ತ ಸ್ಪಂದವು ತಾನೇ ತನ್ನ ರೂಪವನ್ನು ಬದಲಿಸಿಕೊಂಡಿತು; ಈ ಕ್ರಿಯೆ 1979ರ ಲೇಖನದಲ್ಲಿನ ಏಕಾಯಾಮದ ಗಣಕಪ್ರಯೋಗದಿಂದ ನೇರವಾಗಿ ಇಳಿದುಬಂದುದಲ್ಲ. ಮೂಲಕ್ಕೆ ನಿಷ್ಠೆಯೇ ಒರೆಗಲ್ಲಾದರೆ, ಅಡ್ಡದಾರಿಯೆನಿಸಿಕೊಂಡ 1993ರ ಪ್ರಯೋಗವೇ ರಾಜಮಾರ್ಗದ್ದೆನಿಸಿಕೊಂಡ ಇದಕ್ಕಿಂತ ಮೂಲಕ್ಕೆ ಸಮೀಪದ್ದು.

ನಾಲ್ಕೇ ಪುಟಗಳ ಲೇಖನವೊಂದನ್ನು ಅದರ ಸಾರಾಂಶದ ಮೇಲೆಯೇ ಅಳೆದು, ಅನಂತರದ ವಿಜಯದ ಬೆಳಕಿನಲ್ಲಿ ಅದಕ್ಕೆ ಅರ್ಥ ಹಚ್ಚುವುದು ಚರಿತ್ರಕಾರನಿಗೆ ತಕ್ಕುದಲ್ಲ. 1979ರ ಲೇಖನವು ಒಂದು ಕಲ್ಪನೆಯನ್ನಲ್ಲ, ಎರಡು ಉಪಾಯಗಳನ್ನು ಕೊಟ್ಟಿತು. ಮೊದಲು ಪ್ರಯೋಗಶಾಲೆಯಲ್ಲಿ ಸಿದ್ಧಿಸಿದುದು ಎರಡನೆಯದು.