1911ರ ಇಂಗ್ಲೆಂಡ್ ಪ್ರವಾಸ: ಅರಸನ ತಂಡ, ಬಾಲೂ ಅವರ ದುಡಿಮೆ

1911ರ ಬೇಸಿಗೆಯಲ್ಲಿ ‘ಅಖಿಲ ಭಾರತ’ ಎಂಬ ಹೆಸರು ಹೊತ್ತ ಕ್ರಿಕೆಟ್ ತಂಡವೊಂದು ಇಂಗ್ಲೆಂಡಿಗೆ ಹೋಗಿ ಒಟ್ಟು 23 ಪಂದ್ಯಗಳನ್ನು ಆಡಿತು. ಆರರಲ್ಲಿ ಗೆದ್ದು, ಹದಿನೈದರಲ್ಲಿ ಸೋತು, ಎರಡನ್ನು ಸಮ ಮಾಡಿಕೊಂಡು ಹಿಂದಿರುಗಿತು. ಪ್ರಥಮ ದರ್ಜೆಯವೆಂದು ಪರಿಗಣಿತವಾದ 14 ಪಂದ್ಯಗಳಲ್ಲಿ ದೊರೆತ ಜಯಗಳು ಎರಡೇ. ಈ ಲೆಕ್ಕವನ್ನಷ್ಟೇ ಮುಂದಿಟ್ಟುಕೊಂಡರೆ ಈ ಪ್ರವಾಸವನ್ನು ನೆನೆಯಲು ಹೆಚ್ಚಿನ ಕಾರಣವಿಲ್ಲ. ಭಾರತೀಯ ಕ್ರಿಕೆಟ್ಟಿನ ಚರಿತ್ರೆಗಳು ಬಹುಮಟ್ಟಿಗೆ 1932ರ ಲಾರ್ಡ್ಸ್ ಟೆಸ್ಟ್ ಪಂದ್ಯದಿಂದ ಆರಂಭವಾಗುವುದೂ, ಅದಕ್ಕೆ 21 ವರ್ಷ ಹಿಂದಿನ ಈ ಯಾತ್ರೆ ಅಡಿಟಿಪ್ಪಣಿಯಾಗಿ ಉಳಿದುದೂ ಇದರಿಂದಲೇ. ಆದರೆ ಚರಿತ್ರೆಯ ಅಭ್ಯಾಸಿಗೆ ಸೋಲು ಗೆಲುವುಗಳಿಗಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಭಾರತವೆಂಬ ರಾಷ್ಟ್ರ ರಾಜಕೀಯವಾಗಿ ಇನ್ನೂ ಕಣ್ಣು ಬಿಡದಿದ್ದ ಕಾಲದಲ್ಲಿ ಅದರ ಹೆಸರಿನಲ್ಲಿ ಆಡಲು ಯಾರನ್ನು ಆರಿಸಲಾಯಿತು, ಆ ಹೆಸರಿನ ಭಾರವನ್ನು ನಿಜವಾಗಿ ಹೊತ್ತವರು ಯಾರು ಎಂಬುದೇ ಆ ಪ್ರಶ್ನೆ.

ಇದಕ್ಕೆ ಮೊದಲೂ ಭಾರತದಿಂದ ತಂಡಗಳು ಹೋಗಿದ್ದುವು. ಮುಂಬೈಯ ಪಾರ್ಸಿಗಳು 1886ರಲ್ಲಿ ಒಮ್ಮೆ, 1888ರಲ್ಲಿ ಇನ್ನೊಮ್ಮೆ ಇಂಗ್ಲೆಂಡಿನಲ್ಲಿ ಆಡಿದರು. ಮೊದಲ ಸಲ ಅವರಿಗೆ ದಕ್ಕಿದ್ದು ಒಂದೇ ಗೆಲುವು. ಎರಡನೆಯ ಸಲ ಎಂಟು. ಆ ಎರಡನೆಯ ಪ್ರವಾಸದಲ್ಲಿ ಮೆಹಲಾಶಾ ಪಾವ್ರಿ 170 ವಿಕೆಟ್ ಕಿತ್ತದ್ದು ಬಹುಕಾಲ ಮಾತಿನಲ್ಲಿ ಉಳಿಯಿತು. ಆದರೆ ಅವು ಒಂದು ಸಮುದಾಯದ ತಂಡಗಳು. ಭಾರತದ ಪ್ರತಿನಿಧಿಗಳೆಂಬ ಭಾವನೆ ಅವಕ್ಕಿರಲಿಲ್ಲ. ಎಲ್ಲ ಸಮುದಾಯಗಳೂ ಕೂಡಿದ ತಂಡದ ಆಲೋಚನೆ ಹುಟ್ಟಿದ್ದು 1898ರ ಹೊತ್ತಿಗೆ, ರಣಜಿತ್‌ಸಿಂಹಜಿಯ ಕೀರ್ತಿ ಇಂಗ್ಲೆಂಡಿನಲ್ಲಿ ತುತ್ತತುದಿಗೇರಿದ್ದಾಗ. ವಿಚಿತ್ರವೆಂದರೆ ಆ ಆಲೋಚನೆಗೆ ಸ್ಫೂರ್ತಿಯಾದ ರಣಜಿಗೇ ಅದರಲ್ಲಿ ಉತ್ಸಾಹವಿರಲಿಲ್ಲ. ಇಂಗ್ಲೆಂಡ್ ತಂಡದಲ್ಲಿ ಆಡುತ್ತಿದ್ದ ಅವನಿಗೆ ‘ನೀನು ಯಾವ ದೇಶದವನು’ ಎಂಬ ಪ್ರಶ್ನೆ ಏಳುವುದು ಬೇಕಿರಲಿಲ್ಲ. ಕೆಲವು ವರ್ಷಗಳ ತರುವಾಯ ಮತ್ತೆ ಪ್ರಯತ್ನ ನಡೆಯಿತು. ಹಿಂದೂ, ಪಾರ್ಸಿ, ಮುಸ್ಲಿಮರಲ್ಲಿ ಯಾರಿಗೆ ಎಷ್ಟು ಸ್ಥಾನ ಎಂಬ ಜಗಳದಲ್ಲಿ ಅದೂ ಮುರಿದುಬಿತ್ತು.

ಕೊನೆಗೆ ಯೋಜನೆಗೆ ಜೀವ ಬಂದದ್ದು ಆಟದ ಆಸೆಯಿಂದಲ್ಲ, ರಾಜಕೀಯದ ಅಂಜಿಕೆಯಿಂದ. 1909ರ ಜುಲೈ 1ರಂದು ಮದನಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಕರ್ಜನ್ ವಾಯ್ಲಿಯನ್ನು ಗುಂಡಿಟ್ಟು ಕೊಂದ. ಅದೇ ವರ್ಷದ ಕೊನೆಯಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್ನನ ಹತ್ಯೆಯಾಯಿತು. ಭಾರತೀಯ ತರುಣನೆಂದರೆ ಸಂಶಯದಿಂದ ನೋಡುವ ವಾತಾವರಣ ಇಂಗ್ಲೆಂಡಿನಲ್ಲಿ ಬೆಳೆಯಿತು. ಭಾರತೀಯರು ಅಲ್ಲಿಗೆ ಬರುವುದನ್ನು ನಿರ್ಬಂಧಿಸಬೇಕೆಂಬ ಕೂಗೂ ಎದ್ದಿತು. ಸಾಮ್ರಾಜ್ಯದ ವ್ಯಾಪಾರದಲ್ಲಿ ಪಾಲುಳ್ಳ ಉದ್ಯಮಿಗಳಿಗೂ ಸಿಂಹಾಸನದ ಭದ್ರತೆಗೆ ಬ್ರಿಟಿಷರನ್ನೇ ನಂಬಿದ್ದ ಸಂಸ್ಥಾನಿಕರಿಗೂ ಇದು ಕಳವಳದ ಸಂಗತಿ. ಬಿಳಿಯ ಉಡುಪು ತೊಟ್ಟು, ಅಂಪೈರನ ತೀರ್ಪಿಗೆ ತಲೆಬಾಗಿ, ಸೋತರೂ ಕೈಕುಲುಕುವ ಭಾರತೀಯನನ್ನು ಇಂಗ್ಲೆಂಡಿನ ಮುಂದೆ ನಿಲ್ಲಿಸುವುದಕ್ಕೆ ಕ್ರಿಕೆಟ್ಟಿಗಿಂತ ಒಳ್ಳೆಯ ಸಾಧನ ಅವರಿಗೆ ತೋರಲಿಲ್ಲ. ಐದನೆಯ ಜಾರ್ಜನ ಪಟ್ಟಾಭಿಷೇಕ 1911ರ ಜೂನ್ 22ಕ್ಕೆ ಗೊತ್ತಾಗಿತ್ತು. ಪ್ರವಾಸಕ್ಕೆ ಆ ಬೇಸಿಗೆಯೇ ಒದಗಿದ್ದು ಸಹಜ.

ತಂಡದ ರಚನೆಯನ್ನು ನೋಡಿದರೆ ಅದೊಂದು ಪುಟ್ಟ ಶಾಸನಸಭೆಯಂತೆ ಕಾಣುತ್ತದೆ. ಆರು ಪಾರ್ಸಿಗಳು, ಐವರು ಹಿಂದೂಗಳು, ಮೂವರು ಮುಸ್ಲಿಮರು, ಇವರೆಲ್ಲರ ಮೇಲೆ ಸಿಖ್ ಅರಸನೊಬ್ಬನ ನಾಯಕತ್ವ. 1909ರ ಮಿಂಟೋ–ಮಾರ್ಲೆ ಸುಧಾರಣೆಗಳು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ತಂದು ಹೆಚ್ಚು ಕಾಲವಾಗಿರಲಿಲ್ಲ. ಆ ಕಾಲದ ಮನಸ್ಸು ದೇಶವನ್ನು ಹೇಗೆ ಎಣಿಸುತ್ತಿತ್ತೋ ತಂಡವನ್ನೂ ಹಾಗೆಯೇ ಎಣಿಸಿತು. ಪಾರ್ಸಿಗಳಲ್ಲಿ ಡಾಕ್ಟರ್ ಹೊರ್ಮಸ್‌ಜಿ ಕಾಂಗಾ, ಮೆಹರ್‌ಹೋಮ್‌ಜಿ, ವಾರ್ಡನ್, ಬುಲ್ಸಾರಾ ಮೊದಲಾದವರಿದ್ದರು. ಮುಸ್ಲಿಮ್ ಆಟಗಾರರ ಹಿಂದೆ ಅಲಿಗಢದ ಕಾಲೇಜಿನ ಕ್ರೀಡಾಪರಂಪರೆಯಿತ್ತು. ಹಿಂದೂಗಳಲ್ಲಿ ಮುಂಬೈಯ ಮುಕುಂದ ಪೈ, ಮದರಾಸಿನ ವಿಕೆಟ್ ಕೀಪರ್ ಶೇಷಾಚಾರಿ, ಬೆಂಗಳೂರಿನ ಬಿ. ಜಯರಾಮ್, ಹಾಗೂ ಅಣ್ಣತಮ್ಮಂದಿರಾದ ಪಲ್ವಂಕರ್ ಬಾಲೂ ಮತ್ತು ಶಿವರಾಮ್. ಜಯರಾಮ್ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದವರು. ಹಿಂದೆ ಇಂಗ್ಲೆಂಡಿನಲ್ಲಿದ್ದಾಗ ಡಬ್ಲ್ಯು.ಜಿ. ಗ್ರೇಸ್ ಕಟ್ಟಿದ ಲಂಡನ್ ಕೌಂಟಿ ತಂಡಕ್ಕೆ ಆಡಿದ್ದವರು. ಬಂಡೆಗಳ ಜಾತಿಯನ್ನು ಪರೀಕ್ಷಿಸುವ ವಿಜ್ಞಾನಿಯೊಬ್ಬ ಗ್ರೇಸನ ಜೊತೆಗಾರನೂ ಆಗಿದ್ದನೆಂಬುದು ನಮ್ಮ ಕನ್ನಡದ ಕ್ರೀಡಾಸ್ಮೃತಿಯಲ್ಲಿ ಇನ್ನಷ್ಟು ಎದ್ದು ಕಾಣಬೇಕಾದ ಸಂಗತಿ.

ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು ಆಗಿನ್ನೂ ಹತ್ತೊಂಬತ್ತು. ಆಟ ಬಾರದವನೆಂದು ಅವನನ್ನು ತಳ್ಳಿಹಾಕುವುದು ನ್ಯಾಯವಲ್ಲ. ಬಲವಾಗಿ ಬೀಸಬಲ್ಲ ದಾಂಡಿಗನೇ ಆಗಿದ್ದ. ಆದರೆ ಪಟ್ಟಾಭಿಷೇಕದ ವರ್ಷದಲ್ಲಿ ಲಂಡನ್ನಿನ ಔತಣಗಳಿಂದ ಅವನಿಗೆ ಬಿಡುವಾಗಲಿಲ್ಲ. ಬೆರಳೆಣಿಕೆಯ ಪಂದ್ಯಗಳನ್ನಷ್ಟೇ ಆಡಿದ. ಅವನ ಪರಿವಾರಕ್ಕೆ ಸೇರಿದ್ದ ಕೇಕಿ ಮಿಸ್ತ್ರಿ ತಂಡದ ಅತ್ಯುತ್ತಮ ದಾಂಡಿಗನೆಂದು ಎಲ್ಲರೂ ಒಪ್ಪಿದ್ದರು. ಅರಸ ಇಲ್ಲದೆಡೆ ಅವನೂ ಇರುವಂತಿರಲಿಲ್ಲ. ಹೀಗೆ ಒಬ್ಬನ ಗೈರುಹಾಜರಿಯಿಂದ ತಂಡ ಇಬ್ಬರನ್ನು ಕಳೆದುಕೊಂಡಿತು.

ಬಾಲೂ ಅವರ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅವರು ಹುಟ್ಟಿದ್ದು 1876ರಲ್ಲಿ, ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ. ಮನೆತನ ಕೊಂಕಣದ ಪಲ್ವಣ್ ಎಂಬ ಊರಿನದು, ಜಾತಿಯಿಂದ ಚರ್ಮಕಾರರು. ತಂದೆ ಸೈನ್ಯದ ನೌಕರಿಯಲ್ಲಿ ಪುಣೆಯಲ್ಲಿದ್ದರು. ಬಾಲೂ ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಅಂಗಳ ಗುಡಿಸುವ, ಪಿಚ್ಚಿಗೆ ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ಅನಂತರ ಯೂರೋಪಿಯನ್ನರ ಪುಣೆ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಯ ಸಂಬಳ: ಪಿಚ್ಚನ್ನು ಸಿದ್ಧಪಡಿಸುವುದು, ಬಲೆ ಕಟ್ಟುವುದು, ಬೇಕೆಂದಾಗ ಸಾಹೇಬರಿಗೆ ಚೆಂಡು ಎಸೆಯುವುದು. ಅಲ್ಲಿಯ ಪ್ರಮುಖ ದಾಂಡಿಗ ಜೆ.ಜಿ. ಗ್ರೆಗ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಲೂವಿಗೆ ಎಂಟಾಣೆ ಕೊಡುತ್ತಿದ್ದನೆಂಬ ಪ್ರತೀತಿಯಿದೆ. ಪ್ರತೀತಿ ನಿಜವಿರಲಿ ಇಲ್ಲದಿರಲಿ, ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ಹೇಳುತ್ತದೆ. ಅಷ್ಟು ವರ್ಷ ಗಂಟೆಗಟ್ಟಲೆ ಚೆಂಡೆಸೆದ ಬಾಲೂ ಅವರ ಕೈಗೆ ಆ ಕ್ಲಬ್ಬಿನಲ್ಲಿ ಒಮ್ಮೆಯೂ ಬ್ಯಾಟನ್ನು ಕೊಡಲಿಲ್ಲ. ಎಸೆತ ಆಳಿನ ಕೆಲಸ, ದಾಂಡು ಧಣಿಯ ಹಕ್ಕು.

ಈ ಎಡಗೈ ಸ್ಪಿನ್ನರನ ಕೌಶಲವನ್ನು ಕಂಡ ಪುಣೆಯ ಹಿಂದೂಗಳು ಯೂರೋಪಿಯನ್ನರನ್ನು ಸೋಲಿಸುವ ಆಸೆಯಿಂದ ಅವರನ್ನು ತಮ್ಮ ತಂಡಕ್ಕೆ ಕರೆದರು. ಸಂಪ್ರದಾಯಸ್ಥರ ವಿರೋಧವಿದ್ದೂ ಕರೆದರೆಂಬುದನ್ನು ಮರೆಯಬಾರದು. ಆದರೆ ಕರೆ ಅಂಗಳಕ್ಕೆ ಮಾತ್ರ. ಬಾಲೂ ಕೈಯಿಂದ ಹೊರಟ ಚೆಂಡನ್ನು ಮೈಲಿಗೆಯಿಲ್ಲದೆ ಹಿಡಿಯುತ್ತಿದ್ದ ಜೊತೆಗಾರರು ಚಹಾದ ವಿರಾಮದಲ್ಲಿ ಪೆವಿಲಿಯನ್ನಿನೊಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಊಟದ ಎಲೆಯೂ ಬೇರೆ. ಮುಂದೆ ಅವರು ಮುಂಬೈಗೆ ಹೋಗಿ ಹಿಂದೂ ಜಿಮ್ಖಾನಾಕ್ಕೆ ಆಡಿದರು. 1906ರಲ್ಲಿ ಹಿಂದೂಗಳು ಯೂರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ ಆ ಜಯದ ಮುಖ್ಯ ಕಾರಣರಲ್ಲೊಬ್ಬರು. ಆ ತಂಡದಲ್ಲಿ ಜಾತಿಯ ಕಟ್ಟು ಸಡಿಲಗೊಂಡುದನ್ನು ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಮೆಚ್ಚಿ ಬರೆಯಿತು.

ಪಂಪಭಾರತವನ್ನು ಓದಿದವರಿಗೆ ಇಲ್ಲಿ ಶಸ್ತ್ರಪ್ರದರ್ಶನದ ರಂಗದಲ್ಲಿ ನಿಂತ ಕರ್ಣ ನೆನಪಾಗದಿರನು. ಬಿಲ್ಲಿನ ಬಲವನ್ನು ತೋರಿಸಲು ಬಂದವನಿಗೆ ಕುಲದ ಪ್ರಶ್ನೆ ಎದುರಾಗುತ್ತದೆ. ಅರಸೊತ್ತಿಗೆ ಕೊಟ್ಟ ದುರ್ಯೋಧನನಿಗೂ ಅವನ ಬಿಲ್ಲಿನ ಅಗತ್ಯವಿರುತ್ತದೆ. ಹೋಲಿಕೆಯನ್ನು ಬಹಳ ದೂರ ಎಳೆಯಬೇಕಾಗಿಲ್ಲ. ಬಾಲೂವಿಗೆ ಯಾರೂ ಅಂಗರಾಜ್ಯವನ್ನು ಕೊಡಲಿಲ್ಲ.

ಇಂತಹ ಮನುಷ್ಯ ತನ್ನ ಮೂವತ್ತೈದರ ಪ್ರಾಯದಲ್ಲಿ ಇಂಗ್ಲೆಂಡಿಗೆ ಹೋದದ್ದು. ಜೂನ್ ಮೊದಲಲ್ಲಿ ಆಕ್ಸ್‌ಫರ್ಡಿನಲ್ಲಿ ಆಟ ಆರಂಭವಾಯಿತು. ಆ ವರ್ಷ ಇಂಗ್ಲೆಂಡಿನಲ್ಲಿ ಅಪರೂಪದ ಬಿಸಿಲು. ಜುಲೈ, ಆಗಸ್ಟುಗಳ ಝಳ ಇಂದಿಗೂ ಅಲ್ಲಿಯ ಹವಾಮಾನದ ದಾಖಲೆಗಳಲ್ಲಿ ಪ್ರಸಿದ್ಧ. ಒಣಗಿ ಗಟ್ಟಿಯಾದ ಪಿಚ್ಚು ನಿಧಾನಗತಿಯ ಸ್ಪಿನ್ನರನಿಗೆ ಅನುಕೂಲವಲ್ಲ. ಒಂದು ಊರಿನಲ್ಲಿ ಮೂರು ದಿನ ಆಡಿ, ರೈಲು ಹಿಡಿದು, ಇನ್ನೊಂದು ಊರಿನಲ್ಲಿ ಮತ್ತೆ ಅಂಗಳಕ್ಕಿಳಿಯುವ ಈ ದಿನಚರಿ ಕೌಂಟಿಯ ವೃತ್ತಿಪರರಿಗೆ ಅಭ್ಯಾಸ. ವರ್ಷಕ್ಕೆ ಕೆಲವೇ ದೊಡ್ಡ ಪಂದ್ಯಗಳನ್ನು ಆಡುತ್ತಿದ್ದ ಭಾರತೀಯರಿಗೆ ಅದು ಹೊಸದು. ಸೋಲಿನ ಮೇಲೆ ಸೋಲು ಬಂತು. ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಬಾಲೂ ಒಂದೇ ಇನಿಂಗ್ಸಿನಲ್ಲಿ 103 ರನ್ನಿಗೆ ಎಂಟು ವಿಕೆಟ್ ಪಡೆದರು. ಜುಲೈ ತಿಂಗಳಲ್ಲಿ ಲೆಸ್ಟರ್‌ಷೈರ್ ವಿರುದ್ಧ ಕಾಂಗಾ ಶತಕ ಬಾರಿಸಿದರು, ಬಾಲೂ ಪಂದ್ಯದಲ್ಲಿ ಹನ್ನೊಂದು ವಿಕೆಟ್ ಕಿತ್ತರು; ಕೌಂಟಿ ತಂಡವೊಂದರ ಮೇಲೆ ಅಖಿಲ ಭಾರತದ ಮೊದಲ ಜಯ ಅದು.

ಎರಡನೆಯ ಜಯ ಟಾಂಟನ್ನಿನಲ್ಲಿ, ಸಾಮರ್ಸೆಟ್ ವಿರುದ್ಧ. ಕೊನೆಯ ಇನಿಂಗ್ಸಿನಲ್ಲಿ ದೊಡ್ಡ ಮೊತ್ತವನ್ನು ಬೆನ್ನಟ್ಟಬೇಕಿತ್ತು. ಶಿವರಾಮ್ ಶತಕ ಬಾರಿಸಿ ಅಜೇಯರಾಗಿ ಉಳಿದರು. ಬಾಲೂ ಅರ್ಧಶತಕ ಗಳಿಸಿದರು. ಒಂದೇ ಒಂದು ವಿಕೆಟ್ ಉಳಿದಿದ್ದಾಗ ಗೆಲುವು ಕೈಸೇರಿತು. ಪುಣೆಯಲ್ಲಿ ಬ್ಯಾಟು ಮುಟ್ಟಲು ದೊರೆಯದಿದ್ದ ಕೈ ಇಂಗ್ಲೆಂಡಿನ ಅಂಗಳದಲ್ಲಿ ಐವತ್ತು ದಾಟಿದ ದಿನವದು. ಜಯಕ್ಕೆ ಅಡಿಗಲ್ಲಾದವರು ತಂಡದಲ್ಲಿದ್ದ ಇಬ್ಬರೇ ಅಸ್ಪೃಶ್ಯರು, ಒಂದೇ ತಾಯಿಯ ಮಕ್ಕಳು.

ಪ್ರವಾಸ ಮುಗಿದಾಗ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಾಲೂ ಅವರ ಲೆಕ್ಕ 75 ವಿಕೆಟ್, ಸರಾಸರಿ 20ರ ಆಸುಪಾಸು; ಎಲ್ಲ ಪಂದ್ಯಗಳೂ ಸೇರಿ 114. ಸಂಶೋಧಕರು ಸ್ಕೋರು ಪಟ್ಟಿಯನ್ನು ಒಂದು ಚಾರಿತ್ರಿಕ ಆಕರವಾಗಿ ಓದುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಶಾಸನಗಳಲ್ಲಿ ದಾನಕೊಟ್ಟ ಅರಸನ ಪ್ರಶಸ್ತಿ ಮೊದಲಿಗೆ ಬರುತ್ತದೆ, ಕಲ್ಲನ್ನು ಕಡೆದ ರೂವಾರಿಯ ಹೆಸರು ಬಂದರೆ ಕೊನೆಯ ಸಾಲಿನಲ್ಲಿ. ಈ ಪ್ರವಾಸದ ವೃತ್ತಪತ್ರಿಕೆಯ ವರದಿಗಳೂ ಭೋಜನಕೂಟಗಳ ಭಾಷಣಗಳೂ ಆ ಕ್ರಮದವೇ. ಸ್ಕೋರು ಪಟ್ಟಿ ಮಾತ್ರ ಯಾರು ಎಷ್ಟು ದುಡಿದರೆಂಬುದನ್ನು ಬಿರುದು ಬಾವಲಿಗಳಿಲ್ಲದೆ ಬರೆದಿಡುತ್ತದೆ.

ಅದೇ ಬೇಸಿಗೆಯಲ್ಲಿ, ಜುಲೈ 29ರಂದು, ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಬಹುಮಂದಿ ಬರಿಗಾಲಿನಲ್ಲಿ ಆಡಿದ ಆ ಪಂದ್ಯ ರಾಷ್ಟ್ರೀಯತೆಯ ಪುರಾಣವೇ ಆಗಿಬಿಟ್ಟಿತು. ಕ್ರಿಕೆಟ್ ಪ್ರವಾಸಕ್ಕೆ ಆ ಭಾಗ್ಯವಿಲ್ಲದೆ ಹೋದುದಕ್ಕೆ ಸೋಲುಗಳಷ್ಟೇ ಕಾರಣವಿರಲಾರದು. ರಾಜಭಕ್ತಿಯ ಪ್ರದರ್ಶನಕ್ಕೆಂದು ಹೊರಟ ತಂಡವನ್ನು ಮುಂದಿನ ರಾಷ್ಟ್ರೀಯ ಚರಿತ್ರೆ ತನ್ನದೆಂದು ಅಪ್ಪಿಕೊಳ್ಳಲು ಹಿಂಜರಿದಿರಬೇಕು.

ತಂಡ ಹಿಂದಿರುಗಿದ ಮೇಲೆ ‘ಅಖಿಲ ಭಾರತ’ ಚದುರಿಹೋಯಿತು. ಮರುವರ್ಷವೇ, 1912ರಲ್ಲಿ, ಮುಂಬೈಯ ತ್ರಿಕೋನ ಪಂದ್ಯಾವಳಿಗೆ ಮುಸ್ಲಿಮರ ತಂಡವೂ ಸೇರಿ ಅದು ಚತುಷ್ಕೋನವಾಯಿತು. ಇಂಗ್ಲೆಂಡಿನಲ್ಲಿ ಒಂದೇ ಕಡೆ ಆಡಿದವರು ಊರಿನಲ್ಲಿ ತಮ್ಮ ತಮ್ಮ ಧರ್ಮದ ಪರವಾಗಿ ಎದುರುಬದುರಾದರು. ಬಾಲೂ ಮರಳಿದಾಗ ಮುಂಬೈಯ ದಲಿತರು ಅವರನ್ನು ಸನ್ಮಾನಿಸಿದರು. ಆಗ ಅಲ್ಲಿಯೇ ಓದುತ್ತಿದ್ದ ಭೀಮರಾವ್ ಅಂಬೇಡ್ಕರ್ ಅದರ ಮಾನಪತ್ರವನ್ನು ಸಿದ್ಧಪಡಿಸಿದರೆಂದು ಹೇಳಲಾಗುತ್ತದೆ. ಹಿಂದೂ ಜಿಮ್ಖಾನಾ ಅವರ ವಿಕೆಟುಗಳನ್ನು ಸ್ವೀಕರಿಸಿತು, ನಾಯಕತ್ವವನ್ನು ಕೊಡಲಿಲ್ಲ. 1913ರಲ್ಲಿ ನಾಯಕನಾದ ಮುಕುಂದ ಪೈ, ಇಂಗ್ಲೆಂಡಿನಲ್ಲಿ ಬಾಲೂ ಅವರ ದುಡಿಮೆಯನ್ನು ಕಣ್ಣಾರೆ ಕಂಡವರು, ಈ ಗೌರವ ಹಿರಿಯನೂ ಅನುಭವಿಯೂ ಆದ ಬಾಲೂವಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿಯೇ ಹೇಳಿದರು. 1920ರಲ್ಲಿ ವಿವಾದ ಸಿಡಿಯಿತು. ಬಾಲೂವನ್ನು ತಂಡದಿಂದ ಬಿಟ್ಟು, ಅವರ ತಮ್ಮ ವಿಠ್ಠಲನ ಹಕ್ಕನ್ನೂ ಕಡೆಗಣಿಸಿದಾಗ, ವಿಠ್ಠಲ ಮತ್ತು ಶಿವರಾಮ್ ಜಾತಿಯ ಕಾರಣವನ್ನು ಬಿಚ್ಚಿ ಹೇಳಿ ತಂಡದಿಂದ ಹೊರನಡೆದರು. ಪೈ ನಾಯಕನಾಗಿ ಮರಳಿ, ಬಾಲೂ ಉಪನಾಯಕರಾಗಿ, ಸಹೋದರರು ಹಿಂದಿರುಗುವುದರೊಂದಿಗೆ ರಾಜಿಯಾಯಿತು. ಪಂದ್ಯದ ನಡುವೆ ಪೈ ಬೇಕೆಂದೇ ಅಂಗಳ ಬಿಟ್ಟು ಹೊರಗೆ ಹೋದರು, ಅಷ್ಟು ಹೊತ್ತಾದರೂ ಬಾಲೂ ತಂಡವನ್ನು ನಡೆಸಲೆಂದು. 1923ರಲ್ಲಿ ವಿಠ್ಠಲ ಪೂರ್ಣಪ್ರಮಾಣದ ನಾಯಕರಾದರು, ಹಿಂದೂಗಳು ಗೆದ್ದರು.

ಬಾಲೂ ಮುಂದೆ ರಾಜಕೀಯಕ್ಕೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬೈ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರು ನಿಲ್ಲಿಸಿತು. ಒಂದು ಕಾಲಕ್ಕೆ ದಲಿತರ ಹೆಮ್ಮೆಯೆಂದು ಆದರಿಸಿದ್ದವನೂ ಆ ಆದರಕ್ಕೆ ಪಾತ್ರನಾದವನೂ ಒಂದೇ ಮತಪೆಟ್ಟಿಗೆಯ ಮುಂದೆ ಪ್ರತಿಸ್ಪರ್ಧಿಗಳಾದರು. ಅಂಬೇಡ್ಕರರಿಗೆ 13,245 ಮತಗಳು ಬಂದವು, ಬಾಲೂ ಅವರಿಗೆ 11,225.