ಅಂಕಪಟ್ಟಿಯ ಹಿಂದಿನ ಬಣ್ಣ

ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳಕ್ಕೆ ವೆಸ್ಲಿ ವಿಲಿಯಮ್ಸ್ ಸೇರಿದ್ದು 1919ರ ಜನವರಿಯಲ್ಲಿ. ದೇಹದಾರ್ಢ್ಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ಪಡೆದಿದ್ದ ಈ ಕಪ್ಪು ವರ್ಣೀಯ ಯುವಕ ಮ್ಯಾನ್‌ಹಟನ್‌ನ 55ನೇ ಎಂಜಿನ್ ಠಾಣೆಗೆ ಕಾಲಿಟ್ಟ ದಿನವೇ ಅಲ್ಲಿನ ಕ್ಯಾಪ್ಟನ್ ನಿವೃತ್ತಿ ಪಡೆದು ಹೊರನಡೆದರು. ಉಳಿದ ಸಿಬ್ಬಂದಿ ಒಬ್ಬೊಬ್ಬರಾಗಿ ವರ್ಗಾವಣೆ ಕೇಳಿದರು. ಇಲಾಖೆ ಕೊಡಲಿಲ್ಲ. ವಿಲಿಯಮ್ಸ್ ಅವರ ಜೊತೆಗೇ ಉಳಿದು, ಅವರ ಜೊತೆಗೇ ಬೆಂಕಿಗೆ ಇಳಿದು, 1927ರಲ್ಲಿ ಲೆಫ್ಟಿನೆಂಟ್ ಆದರು. 1938ರಲ್ಲಿ ಬೆಟಾಲಿಯನ್ ಚೀಫ್ ಹುದ್ದೆಗೇರಿದರು.

ಆ ಕಾಲದ ತಾರತಮ್ಯ ಕಣ್ಣಿಗೆ ಕಾಣುವಂಥದ್ದು. ಠಾಣೆಯಲ್ಲಿ ಕಪ್ಪು ನೌಕರನಿಗೆಂದೇ ಒಂದು ಮಂಚ ಮೀಸಲು. ಅದೂ ಅನೇಕ ಕಡೆ ಶೌಚಾಲಯದ ಪಕ್ಕದಲ್ಲಿ. ಅವನು ಮಲಗಿದ ಹಾಸಿಗೆಯಲ್ಲಿ ಬೇರೆಯವರು ಮಲಗುವಂತಿರಲಿಲ್ಲ. ಈ ಬಗೆಯ ತಾರತಮ್ಯದ ವಿರುದ್ಧ ದನಿ ಎತ್ತಲು ವಿಲಿಯಮ್ಸ್ ಮತ್ತು ಸಂಗಡಿಗರು 1940ರಲ್ಲಿ ಒಂದು ಸಂಘ ಕಟ್ಟಿದರು. ರೋಮನ್ನರ ಅಗ್ನಿದೇವತೆಯ ಹೆಸರಿನಲ್ಲಿ ಅದಕ್ಕೆ ವಲ್ಕನ್ ಸೊಸೈಟಿ ಎಂದು ಹೆಸರಿಟ್ಟರು. ಸಂಘದ ಹೋರಾಟದಿಂದ ಆ ಮಂಚಗಳು ಹೋದವು. 1966ರಲ್ಲಿ ರಾಬರ್ಟ್ ಲೌರಿ ಎಂಬ ಕಪ್ಪು ವರ್ಣೀಯರೇ ಇಡೀ ದಳದ ಕಮಿಷನರ್ ಆದರು. ಆದರೆ ದಳಕ್ಕೆ ಸೇರುವ ಬಾಗಿಲು ಮಾತ್ರ ಅಗಲವಾಗಲಿಲ್ಲ. ಆ ಬಾಗಿಲಲ್ಲಿ ಕಾವಲಿಗಿದ್ದದ್ದು ಲಿಖಿತ ಪರೀಕ್ಷೆ.

ಪರೀಕ್ಷೆ ಬರೆದು ಸರ್ಕಾರಿ ನೌಕರಿ ಹಿಡಿಯುವುದನ್ನೇ ನ್ಯಾಯದ ಅಳತೆಗೋಲು ಎಂದು ನಂಬಿದವರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಎಲ್ಲರಿಗೂ ಅದೇ ಪ್ರಶ್ನೆಪತ್ರಿಕೆ, ಅದೇ ಅವಧಿ. ಉತ್ತರ ತಿದ್ದುವವರಿಗೆ ಬರೆದವನ ಮೈಬಣ್ಣವೂ ಗೊತ್ತಿಲ್ಲ. ಹೀಗಿರುವಾಗ ತಾರತಮ್ಯ ಎಲ್ಲಿಂದ ಬಂತು?

ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲೇ ಉತ್ತರ ಹೇಳಿತ್ತು. ನಾರ್ತ್ ಕ್ಯಾರೊಲಿನಾದ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿ ಕೂಲಿ ಕೆಲಸಕ್ಕಿಂತ ಮೇಲಿನ ಹುದ್ದೆಗಳಿಗೆ ಪ್ರೌಢಶಾಲಾ ಪ್ರಮಾಣಪತ್ರ ಮತ್ತು ಬುದ್ಧಿಮತ್ತೆಯ ಪರೀಕ್ಷೆ ಬೇಕೆಂದಿತ್ತು. ಎರಡಕ್ಕೂ ಕೆಲಸಕ್ಕೂ ಸಂಬಂಧವಿರಲಿಲ್ಲ. ಆದರೆ ಎರಡೂ ಕಪ್ಪು ಕಾರ್ಮಿಕರನ್ನು ಹೊರಗಿಟ್ಟವು. ಮಾಲೀಕನ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇತ್ತೋ ಇಲ್ಲವೋ, ಒಂದು ಪರೀಕ್ಷೆ ಒಂದು ಜನವರ್ಗವನ್ನು ಗಣನೀಯವಾಗಿ ಹೊರಗೆ ತಳ್ಳುವುದಾದರೆ ಅದು ಆ ಕೆಲಸಕ್ಕೆ ನಿಜವಾಗಿ ಬೇಕಾದದ್ದೆಂದು ತೋರಿಸುವ ಹೊಣೆ ಮಾಲೀಕನದೇ ಎಂದು ನ್ಯಾಯಾಲಯ ಒಮ್ಮತದಿಂದ ತೀರ್ಪಿತ್ತಿತು. ಇದರ ಹಿಂದಿದ್ದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ಭಾಗವನ್ನು 1972ರಲ್ಲಿ ರಾಜ್ಯ ಮತ್ತು ನಗರ ಸರ್ಕಾರಗಳಿಗೂ ವಿಸ್ತರಿಸಲಾಯಿತು. ಸರ್ಕಾರವೂ ಒಬ್ಬ ಮಾಲೀಕನೇ ಎಂದಾಯಿತು.

ಮರುವರ್ಷವೇ ವಲ್ಕನ್ ಸೊಸೈಟಿ ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಎಡ್ವರ್ಡ್ ವೈನ್‌ಫೆಲ್ಡ್ ನಗರದ ಪರೀಕ್ಷೆಯನ್ನು ತಪ್ಪೆಂದರು. ಮೂವರು ಬಿಳಿಯರಿಗೆ ಒಬ್ಬ ಅಲ್ಪಸಂಖ್ಯಾತ ಅಭ್ಯರ್ಥಿಯ ಲೆಕ್ಕದಲ್ಲಿ ನೇಮಕ ನಡೆಯಬೇಕೆಂದು ಆಜ್ಞೆ ಮಾಡಿದರು. ಈ ವ್ಯವಸ್ಥೆ ನಡೆದದ್ದು 1977ರವರೆಗೆ. ಬಳಿಕ ಇಲಾಖೆ ಹಳೆಯ ಜಾಡಿಗೇ ಮರಳಿತು. 2007ರಲ್ಲಿ ದಳದ 8,998 ಮಂದಿಯಲ್ಲಿ ಕಪ್ಪು ವರ್ಣೀಯರು 303, ಅಂದರೆ ಶೇ. 3.4. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಕಾಲು ಭಾಗ. ಅಪ್ಪ, ಚಿಕ್ಕಪ್ಪ, ಅಣ್ಣ ಎಂದು ತಲೆಮಾರಿನಿಂದ ದಳದಲ್ಲಿರುವ ಬಿಳಿಯ ಕುಟುಂಬಗಳ ಹುಡುಗರಿಗೆ ಅರ್ಜಿ ಯಾವಾಗ ಕರೆಯುತ್ತಾರೆ, ತಯಾರಿ ಹೇಗೆ ಎಂಬುದು ಊಟದ ಮೇಜಿನಲ್ಲೇ ತಿಳಿಯುತ್ತಿತ್ತು. ಉಳಿದವರಿಗೆ ಆ ಮೇಜೇ ಇರಲಿಲ್ಲ.

ಹೊಸ ಜಗಳ ಹುಟ್ಟಿದ್ದು 1999 ಮತ್ತು 2002ರ ಪರೀಕ್ಷೆಗಳ ಸುತ್ತ. 1999ರ ಪರೀಕ್ಷೆಯಲ್ಲಿ ಬಿಳಿಯರಲ್ಲಿ ಶೇ. 89.9 ಮಂದಿ ತೇರ್ಗಡೆಯಾದರೆ ಕಪ್ಪು ವರ್ಣೀಯರಲ್ಲಿ ಶೇ. 60.3 ಮಾತ್ರ. ತೇರ್ಗಡೆಯ ಅಂಕ 84.705. ಈ ವಿಚಿತ್ರ ಸಂಖ್ಯೆ ಬಂದದ್ದು ಕೆಲಸಕ್ಕೆ ಎಷ್ಟು ಜಾಣತನ ಬೇಕೆಂಬ ಲೆಕ್ಕದಿಂದಲ್ಲ, ಎಷ್ಟು ಜನ ಬೇಕೆಂಬ ಲೆಕ್ಕದಿಂದ. ತೇರ್ಗಡೆಯಾದರೂ ಸಾಲದು, ರ್‍ಯಾಂಕ್ ಪಟ್ಟಿಯ ಮೇಲಿನಿಂದ ಕೆಳಕ್ಕೆ ನೇಮಕವಾಗುವುದರಿಂದ ಒಂದೆರಡು ಅಂಕಕ್ಕೆ ನೂರಾರು ಹೆಸರು ಹಿಂದೆ ಬೀಳುತ್ತಿತ್ತು. ಎರಡೂ ಪರೀಕ್ಷೆಗಳಿಂದ 5,300ಕ್ಕೂ ಹೆಚ್ಚು ನೇಮಕಗಳಾದವು. ಅವರಲ್ಲಿ ಕಪ್ಪು ವರ್ಣೀಯರು 184. ಪರಿಣಾಮವನ್ನು ಅಧ್ಯಯನ ಮಾಡಿ ನೋಡಿ ಎಂದು ನಗರದ್ದೇ ಸಮಾನ ಉದ್ಯೋಗ ಆಯೋಗ 1999ರಲ್ಲಿ ಸಲಹೆ ಕೊಟ್ಟಿತ್ತು. ಇಲಾಖೆ ಕಿವಿಗೆ ಹಾಕಿಕೊಳ್ಳಲಿಲ್ಲ.

ವಲ್ಕನ್ ಸೊಸೈಟಿಯ ಅಂದಿನ ಅಧ್ಯಕ್ಷ ಪಾಲ್ ವಾಷಿಂಗ್ಟನ್ ನೇತೃತ್ವದಲ್ಲಿ ಕೇಂದ್ರದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಹೋದದ್ದು 2002ರಲ್ಲಿ. ಅದು ಸುಲಭದ ಕಾಲವಾಗಿರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳಲ್ಲಿ ದಳದ 343 ಮಂದಿ ಪ್ರಾಣ ತೆತ್ತಿದ್ದರು. ಇಡೀ ದೇಶ ಕೈಮುಗಿಯುತ್ತಿದ್ದ ಸಂಸ್ಥೆಯತ್ತ ಬೆರಳು ತೋರಲು, ಅದೂ ಒಳಗಿದ್ದುಕೊಂಡೇ ತೋರಲು, ಗಟ್ಟಿ ಗುಂಡಿಗೆ ಬೇಕಿತ್ತು. 2007ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೇ ನಗರದ ಮೇಲೆ ದಾವೆ ಹೂಡಿತು. ಸಂಘವೂ ಕಕ್ಷಿಯಾಗಿ ಸೇರಿಕೊಂಡಿತು.

ತೀರ್ಪು ಬರುವ ಹೊತ್ತಿಗೆ ಗಾಳಿ ಎದುರಿನಿಂದ ಬೀಸುತ್ತಿತ್ತು. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರ, ಕಪ್ಪು ವರ್ಣೀಯರಿಗೆ ಒಳ್ಳೆಯ ಅಂಕ ಬಂದಿಲ್ಲವೆಂದು ಅಗ್ನಿಶಾಮಕ ಬಡ್ತಿ ಪರೀಕ್ಷೆಯ ಫಲಿತಾಂಶವನ್ನೇ ಕೈಬಿಟ್ಟಿತ್ತು. ಅದು ತಪ್ಪೆಂದು ಸುಪ್ರೀಂ ಕೋರ್ಟ್ 2009ರ ಜೂನ್‌ನಲ್ಲಿ 5-4ರ ಬಹುಮತದಿಂದ ಹೇಳಿತು. ಮೂರೇ ವಾರಗಳ ಬಳಿಕ ಬ್ರೂಕ್ಲಿನ್‌ನಲ್ಲಿ ನ್ಯಾಯಾಧೀಶ ನಿಕೊಲಸ್ ಗರಾಫಿಸ್ ನ್ಯೂಯಾರ್ಕ್ ಪರೀಕ್ಷೆಗಳು ಕಾನೂನುಬಾಹಿರ ಎಂದರು. ನ್ಯೂ ಹೇವನ್‌ನಲ್ಲಿ ನಗರ ಮೊಕದ್ದಮೆಗೆ ಹೆದರಿತ್ತು. ಇಲ್ಲಿ ಮೊಕದ್ದಮೆ ಎದುರಿಗೇ ಇತ್ತು, ಪುರಾವೆಯೂ ಇತ್ತು. ಪ್ರಶ್ನೆಪತ್ರಿಕೆ ಓದಿ ಗ್ರಹಿಸುವ ಶಕ್ತಿಯನ್ನು ಅಳೆಯಿತೇ ಹೊರತು ಬೆಂಕಿಯ ನಡುವೆ ಬೇಕಾದ ಗುಣಗಳನ್ನಲ್ಲ ಎಂಬುದು ಅವರ ವಾದದ ತಿರುಳು. 2010ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ತಾರತಮ್ಯ ಉದ್ದೇಶಪೂರ್ವಕ ಎಂದೂ ಹೇಳಿದರು.

ಇಲ್ಲಿಂದ ಮುಂದಿನದು ಲೆಕ್ಕಾಚಾರ. ಪರೀಕ್ಷೆ ನೆಟ್ಟಗಿದ್ದಿದ್ದರೆ ಇನ್ನೂ 293 ಕಪ್ಪು ಮತ್ತು ಹಿಸ್ಪಾನಿಕ್ ಅಭ್ಯರ್ಥಿಗಳಿಗೆ ಕೆಲಸ ಸಿಗುತ್ತಿತ್ತೆಂದು ಅಂದಾಜಾಯಿತು. ಆದರೆ ಆ 293 ಮಂದಿ ಯಾರು? ಅದನ್ನು ಯಾರೂ ಹೇಳಲಾರರು. ಹಾಗಾಗಿ ಕಳೆದುಹೋದ ಸಂಬಳವನ್ನು ಇಡೀ ಗುಂಪಿನ ನಷ್ಟವೆಂದು ಎಣಿಸಿ, ಅರ್ಹರೆಲ್ಲರಿಗೂ ಪಾಲು ಹಂಚಬೇಕಾಯಿತು. ಕೆಲಸ ಸಿಕ್ಕರೂ ತಡವಾಗಿ ಸಿಕ್ಕವರಿಗೆ ಬೇರೆ ಲೆಕ್ಕ. 2012ರ ಮಾರ್ಚ್‌ನಲ್ಲಿ ನ್ಯಾಯಾಲಯ ಈ ಮೊತ್ತ 12.8 ಕೋಟಿ ಡಾಲರ್‌ವರೆಗೆ ಹೋಗಬಹುದೆಂದಿತು. ಅಷ್ಟು ವರ್ಷ ಬೇರೆಡೆ ದುಡಿದು ಗಳಿಸಿದ್ದನ್ನು ಅದರಿಂದ ಕಳೆಯಬೇಕಿತ್ತು. ಹಣ ಸಾಲದೆಂದು 293 ಜಾಗಗಳಿಗೆ ಆದ್ಯತೆಯ ನೇಮಕವೂ ನಡೆಯಬೇಕೆಂದಾಯಿತು. ಇಪ್ಪತ್ತೊಂಬತ್ತರ ವಯೋಮಿತಿಯ ಈ ಕೆಲಸಕ್ಕೆ 1999ರಲ್ಲಿ ಪರೀಕ್ಷೆ ಬರೆದವರಲ್ಲಿ ಕೆಲವರಿಗೆ 2013ರ ತರಬೇತಿಯ ಹೊತ್ತಿಗೆ ನಲವತ್ತು ದಾಟಿತ್ತು.

ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆಡಳಿತ ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಯೋಗ್ಯತೆಗೆ ಬೆಲೆಯಿಲ್ಲವಾಯಿತೆಂದು ದಳದೊಳಗಿನ 'ಮೆರಿಟ್ ಮ್ಯಾಟರ್ಸ್' ಗುಂಪೂ ಪ್ರತಿಭಟಿಸಿತು. ಅವರ ಸಿಟ್ಟನ್ನು ಪೂರ್ತಿ ತಳ್ಳಿಹಾಕುವಂತಿಲ್ಲ: ನಗರ ಕೊಟ್ಟ ಪತ್ರಿಕೆಯನ್ನೇ ಅವರು ಬರೆದಿದ್ದರು, ಅದನ್ನು ಅವರು ತಯಾರಿಸಿರಲಿಲ್ಲ. ನಗರದ ಮೇಲ್ಮನವಿಗೆ ಒಂದಿಷ್ಟು ಫಲವೂ ಸಿಕ್ಕಿತು. 2013ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಉದ್ದೇಶಪೂರ್ವಕ ಎಂಬ ನಿರ್ಣಯವನ್ನು ರದ್ದು ಮಾಡಿ, ಆ ಭಾಗದ ವಿಚಾರಣೆಯನ್ನು ಬೇರೆ ನ್ಯಾಯಾಧೀಶರು ನಡೆಸಲಿ ಎಂದಿತು.

ರಾಜಿಗೆ ದಾರಿ ತೆರೆದದ್ದು ಚುನಾವಣೆ. 2014ರ ಜನವರಿಯಲ್ಲಿ ಬಿಲ್ ಡಿ ಬ್ಲಾಸಿಯೊ ಮೇಯರ್ ಆದರು. ಮಾರ್ಚ್ 18ರಂದು ಒಪ್ಪಂದ ಹೊರಬಿತ್ತು: ಸುಮಾರು 1,500 ಮಂದಿಗೆ ಹಿಂಬಾಕಿ ವೇತನ, ಬಡ್ಡಿ ಮತ್ತು ಸೌಲಭ್ಯಗಳ ಬಾಬ್ತು ಒಟ್ಟು 9.8 ಕೋಟಿ ಡಾಲರ್. ದಳದಲ್ಲಿ ವೈವಿಧ್ಯಕ್ಕೆಂದೇ ಒಬ್ಬ ಹಿರಿಯ ಅಧಿಕಾರಿ ಇರಬೇಕು, ನೇಮಕ ಪ್ರಚಾರ ನಗರದ ಎಲ್ಲ ಬಡಾವಣೆಗಳನ್ನೂ ಮುಟ್ಟಬೇಕು ಎಂಬ ಷರತ್ತುಗಳೂ ಸೇರಿದವು.

ಉದ್ದೇಶದ ವಿಚಾರಣೆ ಆ ತಿಂಗಳ ಕೊನೆಗೆ ಆರಂಭವಾಗಬೇಕಿತ್ತು. ಇಲಾಖೆಯ ಹಳೆಯ ಅಧಿಕಾರಿಗಳನ್ನು ಕಟಕಟೆಗೆ ಕರೆದು, ಈ ಅಂಕಿಅಂಶ ಗೊತ್ತಿದ್ದೂ ಪರೀಕ್ಷೆಯನ್ನು ಏಕೆ ಬದಲಿಸಲಿಲ್ಲ ಎಂದು ಕೇಳುವ ಅವಕಾಶ ಅಲ್ಲಿತ್ತು. ರಾಜಿಯೊಂದಿಗೆ ಆ ವಿಚಾರಣೆ ನಿಂತಿತು. ಪ್ರಶ್ನೆ ಕಡತದಲ್ಲೇ ಉಳಿಯಿತು.